ಪೆಟ್ರೋಲ್ ಚೈನ್‌ಸಾ ಬೇಕಾ, ಬ್ಯಾಟರಿಯದ್ದು ಸಾಕಾ? ಅಂಗಡಿಗೆ ಹೋಗುವ ಮೊದಲು ತೋಟ ಸುತ್ತಿ ಬನ್ನಿ

ಹೋದ ವರ್ಷ ಜೂನ್ ಕೊನೆ. ರಾತ್ರಿಯ ಗಾಳಿಗೆ ಮನೆ ಹಿಂದಿನ ಮಾವಿನ ಮರದ ಕೊಂಬೆ ಮುರಿದು ಕೊಟ್ಟಿಗೆ ಬಾಗಿಲಿಗೆ ಅಡ್ಡ ಬಿದ್ದಿತ್ತು. ಒಳಗೆ ಎರಡು ದನ, ಒಂದು ಕರು. ಅಟ್ಟದಿಂದ ಪೆಟ್ರೋಲ್ ಚೈನ್‌ಸಾ ಇಳಿಸಿ ದಾರ ಎಳೆದೆ. ಎಳೆದೂ ಎಳೆದೂ ಭುಜ ಸೋತಿತು, ಮಿಷನ್ ಸ್ಟಾರ್ಟ್ ಆಗಲಿಲ್ಲ. ಟ್ಯಾಂಕಿನಲ್ಲಿದ್ದದ್ದು ಜನವರಿಯಲ್ಲಿ ಆಯಿಲ್ ಬೆರೆಸಿ ಮಿಕ್ಸ್ ಮಾಡಿದ ಪೆಟ್ರೋಲ್. ಅಷ್ಟರಲ್ಲಿ ಪಕ್ಕದ ಮನೆ ಮೇಷ್ಟ್ರು ತಮ್ಮ ಬ್ಯಾಟರಿ ಚೈನ್‌ಸಾ ಹಿಡಿದುಕೊಂಡು ಬಂದರು. "ನಾನು ಕೊಯ್ತೀನಿ, ನೀವು ಹರೆ ಎಳೆದು ಹಾಕಿ" ಅಂದರು. ಕಾಲು ಗಂಟೆಯಲ್ಲಿ ದನ ಹೊರಗೆ ಬಂದವು.

ಅದೇ ಮಳೆಗೆ ಮೂರು ದಿನ ಕರೆಂಟ್ ಹೋಯಿತು. ನಾಲ್ಕನೇ ದಿನ ತೋಟದ ದಾರಿಗೆ ಒಂದು ಅಕೇಶಿಯಾ ಬಿತ್ತು, ಬುಡದಲ್ಲಿ ಒಂದೂವರೆ ಅಡಿ ದಪ್ಪ. ಮೇಷ್ಟ್ರ ಎರಡೂ ಬ್ಯಾಟರಿ ಖಾಲಿ. ಆ ಹೊತ್ತಿಗೆ ನಾನು ಕಾರ್ಬ್ಯುರೇಟರ್ ತೊಳೆಸಿ, ಹೊಸ ಪೆಟ್ರೋಲ್ ಹಾಕಿಟ್ಟಿದ್ದೆ. ಎಣ್ಣೆ ತುಂಬಿಸಲು ನಿಲ್ಲಿಸಿದ್ದು ಬಿಟ್ಟರೆ ನನ್ನ ಮಿಷನ್ ಮೂರು ಗಂಟೆ ಓಡಿತು.

ಆಮೇಲಿಂದ ಯಾರೇ "ಯಾವುದು ತಗೊಳ್ಳಲಿ?" ಅಂತ ಕೇಳಿದರೂ ನಾನು ಮೊದಲು ವಾಪಸ್ ಕೇಳುವುದು ಒಂದೇ ಮಾತು. ನಿಮ್ಮ ಚೈನ್‌ಸಾ ವರ್ಷದಲ್ಲಿ ಎಷ್ಟು ದಿನ ಅಟ್ಟದ ಮೇಲೆ ಸುಮ್ನೆ ಕೂತಿರುತ್ತದೆ? ದಮ್ಮು ಎಷ್ಟು, ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿ) ಎಷ್ಟು ಉದ್ದ, ಬೆಲೆ ಎಷ್ಟು ಎಂಬುದೆಲ್ಲ ಆಮೇಲೆ. ನಮ್ಮ ತೀರ್ಥಹಳ್ಳಿ ಕಡೆ ಸಣ್ಣ ಅಡಿಕೆ ತೋಟದವರ ಮನೆಯಲ್ಲಿ ಚೈನ್‌ಸಾ ಕೆಲಸ ಮಾಡುವುದು ವರ್ಷಕ್ಕೆ ಹದಿನೈದು, ಇಪ್ಪತ್ತು ದಿನ. ಉಳಿದ ದಿನವೆಲ್ಲ ವಿಶ್ರಾಂತಿ. ಪೆಟ್ರೋಲ್ ಇಂಜಿನ್ ಕೆಡುವುದು ದುಡಿದು ಅಲ್ಲ, ಕೂತು. ಬ್ಯಾಟರಿಯದ್ದು ಸುಸ್ತಾಗುವುದು ಕೂತು ಅಲ್ಲ, ಒಂದೇ ಸಮನೆ ದುಡಿದು. ಇಷ್ಟು ತಲೆಯಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭ.

ಮೊದಲ ಹೆಜ್ಜೆ: ಒಂದು ವರ್ಷದ ಕೆಲಸ ಬರೆಯಿರಿ

ಒಂದು ಹಾಳೆ, ಒಂದು ಟೇಪು ಹಿಡಿದು ತೋಟ ಸುತ್ತಿ. ಕಳೆದ ವರ್ಷ ಏನೇನು ಕೊಯ್ದಿರಿ ಅಂತ ನೆನಪು ಮಾಡಿಕೊಂಡು ಬರೆಯಿರಿ. ಬಚ್ಚಲ ಒಲೆಗೆ ಎಷ್ಟು ಸೌದೆ ಬೇಕಾಯಿತು? ಕಾಫಿ ಇದ್ದರೆ ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಸವರಲು, ಎಷ್ಟು ದಿನ? ಸತ್ತ ಅಡಿಕೆ ಮರ ಎಷ್ಟು? ಬೇಲಿ ಸಾಲಿನ ಗ್ಲಿರಿಸಿಡಿಯಾ, ಹಾಲುವಾಣ, ದಾರಿಗೆ ಬಾಗಿದ ಹಲಸಿನ ಕೊಂಬೆ, ಗಾಳಿಗೆ ಬಿದ್ದದ್ದು ಎಲ್ಲ ಸೇರಿಸಿ.

ಪ್ರತಿಯೊಂದರ ಎದುರು ಎರಡು ವಿಷಯ ಬರೆಯಿರಿ: ಕೊಯ್ಯುವ ಜಾಗದ ದಪ್ಪ ಎಷ್ಟು, ಒಂದು ದಿನಕ್ಕೆ ಎಷ್ಟು ಹೊತ್ತಿನ ಕೆಲಸ. ಎರಡನೆಯದು ಬಹಳ ಮುಖ್ಯ. ವರ್ಷಕ್ಕೆ ನಲವತ್ತು ಗಂಟೆ ಕೆಲಸ ಇದ್ದರೂ ದಿನಕ್ಕೆ ಅರ್ಧ ಗಂಟೆಯಂತೆ ಹಂಚಿಹೋಗಿದ್ದರೆ ಬ್ಯಾಟರಿ ಆರಾಮಾಗಿ ನಿಭಾಯಿಸುತ್ತದೆ. ಅದೇ ನಲವತ್ತು ಗಂಟೆ ಒಂದೇ ವಾರದಲ್ಲಿ ಬಂದರೆ ಬ್ಯಾಟರಿ ನಂಬಿ ಕೂರಬೇಡಿ.

ಹಾಳೆ ತುಂಬಿದ ಮೇಲೆ ಎಲ್ಲಕ್ಕಿಂತ ದಪ್ಪನೆಯ ಮರವನ್ನು ಪಟ್ಟಿಯಿಂದ ಹೊಡೆದು ಹಾಕಿ. ಹೌದು, ಹೊಡೆದೇ ಹಾಕಿ. ವರ್ಷಕ್ಕೊಮ್ಮೆ ಬರುವ ಎರಡು ಅಡಿ ದಿಮ್ಮಿಗಾಗಿ ಯಾರೂ ದೊಡ್ಡ ಮಿಷನ್ ಕೊಳ್ಳಬಾರದು. ಅದಕ್ಕೆ ಬಾಡಿಗೆಗೆ ಬರುವ ಮಿಷನ್‌ನವರು ಇದ್ದಾರೆ. ಅವರಿಗೆ ಅನುಭವವೂ ಇದೆ. ಉಳಿದ ಪಟ್ಟಿಯಲ್ಲಿ ಪದೇಪದೇ ಬರುವ ದಪ್ಪ ಯಾವುದೋ, ಅದೇ ನಿಮ್ಮ ಅಳತೆ.

ಎರಡನೆಯದು: ದಪ್ಪಕ್ಕೆ ತಕ್ಕ ಬಾರ್

ಕೊಯ್ಯುವ ಮರಕ್ಕಿಂತ ಬಾರ್ ಎರಡು ಇಂಚು ಉದ್ದ ಇದ್ದರೆ ಸಲೀಸು. ಎಂಟು, ಹತ್ತು ಇಂಚಿನ ಕೊಂಬೆಗೆ 12 ಇಂಚಿನ ಬಾರ್ ಸಾಕು. ಒಂದಡಿ ದಪ್ಪದವರೆಗೆ 14 ಅಥವಾ 16 ಇಂಚು. ಪೆಟ್ರೋಲ್ ಇಂಜಿನ್‌ನಲ್ಲಿ 30ರಿಂದ 38 ಸಿಸಿ ಇದ್ದರೆ ಈ ಬಾರ್ ಚೆನ್ನಾಗಿ ಎಳೆಯುತ್ತದೆ. 18 ಇಂಚು ಬೇಕೆಂದರೆ 45, 50 ಸಿಸಿ ಕಡೆ ಹೋಗಬೇಕು.

ಅಂಗಡಿಯಲ್ಲಿ 58 ಸಿಸಿ, 22 ಇಂಚು ಅಂತ ದೊಡ್ಡ ಮಿಷನ್ ಕಡಿಮೆ ಬೆಲೆಗೆ ತೋರಿಸುತ್ತಾರೆ. ಉದ್ದ ಬಾರ್ ನೋಡಿ ಮರುಳಾಗಬೇಡಿ. ಬಾರ್ ಉದ್ದವಾದಷ್ಟೂ ಮಿಷನ್ ಮುಂದಕ್ಕೆ ಜಗ್ಗುತ್ತದೆ, ಮೂತಿ ಎಲ್ಲಿ ತಾಗುತ್ತಿದೆ ಅಂತ ಕಾಣುವುದಿಲ್ಲ. ಅಡಿಕೆ ತೋಟದ ಒಳಗೆ, ಸಸಿಗಳ ನಡುವೆ, 22 ಇಂಚಿನ ಬಾರ್ ಹಿಡಿದು ತಿರುಗುವುದೇ ಕಷ್ಟ.

ಮರದ ಜಾತಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಹಾಲುವಾಣ ಬೆಣ್ಣೆಯ ಹಾಗೆ. ಸಿಲ್ವರ್ ಓಕ್ ಕೂಡ ಹಸಿ ಇದ್ದಾಗ ಹಗುರ. ಒಣಗಿದ ಮತ್ತಿ, ಒಣ ಅಕೇಶಿಯಾ ಬೇರೆಯೇ ಕಥೆ. ಹಲಸು ಕೊಯ್ದರೆ ಸೋನೆ ಚೈನಿಗೆ, ಬಾರಿನ ತೋಡಿಗೆ ಮೆತ್ತಿಕೊಳ್ಳುತ್ತದೆ. ಅಡಿಕೆ, ತೆಂಗಿನ ಕಾಂಡ ಹೊರಗೆ ಗಟ್ಟಿ, ಒಳಗೆ ನಾರು. ಆ ನಾರು ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಹತ್ತಿರ ಸುತ್ತಿಕೊಳ್ಳುತ್ತದೆ, ಚೈನಿನ ಹಲ್ಲೂ ಬೇಗ ಮೊಂಡಾಗುತ್ತದೆ.

ಮೂರನೆಯದು: ಬ್ಯಾಟರಿಯ ಸಂಖ್ಯೆಗಳನ್ನು ಓದಲು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನ ಓದಿ. ಮೋಸ ಹೋಗುವುದು ಜಾಸ್ತಿ ಇಲ್ಲೇ.

ಬ್ಯಾಟರಿ ಪೊಟ್ಟಣದ ಒಳಗೆ ಇರುವುದು ಪೆನ್ ಟಾರ್ಚಿನ ಸೆಲ್ಲಿನಂಥ ಸಣ್ಣ ಲಿಥಿಯಂ ಸೆಲ್‌ಗಳು. ಒಂದೊಂದಕ್ಕೆ ಸುಮಾರು 3.6 ವೋಲ್ಟ್. ಪೂರ್ತಿ ಚಾರ್ಜ್ ಆದಾಗ 4.2. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್, ಪೂರ್ತಿ ಚಾರ್ಜಿನಲ್ಲಿ 21. ಅಂದರೆ ಒಬ್ಬರು 18 ಅಂತ ಬರೆದದ್ದನ್ನೇ ಇನ್ನೊಬ್ಬರು 21 ಅಂತ ಬರೆದು ಮಾರುತ್ತಾರೆ. ಅದೇ ಥರ 36 ವೋಲ್ಟ್ ಮತ್ತು "40 ವೋಲ್ಟ್ ಮ್ಯಾಕ್ಸ್" ಎರಡೂ ಒಂದೇ, ಹತ್ತು ಸೆಲ್. ಇನ್ನು 88ವಿಎಫ್, 128ವಿಎಫ್ ಅಂತ ಬರೆದ ಅಗ್ಗದ ಮಿಷನ್‌ಗಳು ಬರುತ್ತವಲ್ಲ, ಆ ಸಂಖ್ಯೆ ವೋಲ್ಟೇಜ್ ಅಲ್ಲವೇ ಅಲ್ಲ. ಪೊಟ್ಟಣ ಬಿಚ್ಚಿದರೆ ಒಳಗೆ ಅದೇ ಐದು ಸೆಲ್ ಸಿಗುವುದು ಸಾಮಾನ್ಯ.

ನಿಜವಾದ ಅಳತೆ ವ್ಯಾಟ್-ಅವರ್. ವೋಲ್ಟನ್ನು ಆ್ಯಂಪಿಯರ್-ಅವರ್‌ನಿಂದ ಗುಣಿಸಿದರೆ ಅದು ಸಿಗುತ್ತದೆ. 36 ವೋಲ್ಟ್, 5 ಎಎಚ್ ಬ್ಯಾಟರಿ ಅಂದರೆ 180 ವ್ಯಾಟ್-ಅವರ್. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ಟಿನ ಐದನೇ ಒಂದು ಪಾಲಿಗೂ ಕಡಿಮೆ. ಈ ಬ್ಯಾಟರಿಯಿಂದ ಮೋಟಾರು 1.5 ಕಿಲೋವ್ಯಾಟ್ ಪೂರ್ತಿ ಎಳೆದರೆ ಏಳು ನಿಮಿಷಕ್ಕೆ ಖಾಲಿ! ಗಾಬರಿ ಆಗಬೇಡಿ, ಕೆಲಸದಲ್ಲಿ ಯಾರೂ ಏಳು ನಿಮಿಷ ಒಂದೇ ಸಮನೆ ಒತ್ತಿ ಹಿಡಿಯುವುದಿಲ್ಲ. ಕೊಯ್ಯುತ್ತೀರಿ, ಬಿಡುತ್ತೀರಿ, ಕೊಂಬೆ ಎಳೆಯುತ್ತೀರಿ. ಬಿಟ್ಟಾಗ ಬ್ಯಾಟರಿ ಒಂಚೂರೂ ಖರ್ಚಾಗುವುದಿಲ್ಲ. ಹರೆ ಸವರುವ ಕೆಲಸದಲ್ಲಿ ಅರ್ಧ ಗಂಟೆಗೂ ಮೀರಿ ಬರುತ್ತದೆ. ದಿಮ್ಮಿ ತುಂಡು ಮಾಡುವ ಕೆಲಸದಲ್ಲಿ ಹತ್ತು, ಹನ್ನೆರಡು ನಿಮಿಷಕ್ಕೇ ಕೈ ಎತ್ತುತ್ತದೆ.

ಪೆಟ್ರೋಲಿನ ಜೊತೆ ಹೋಲಿಸಿ ನೋಡಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಟೂ-ಸ್ಟ್ರೋಕ್ ಇಂಜಿನ್ ಅದರಲ್ಲಿ ಬಹುಪಾಲನ್ನು ಬಿಸಿ, ಹೊಗೆ, ಸದ್ದು ಮಾಡಿ ಕಳೆಯುತ್ತದೆ. ಆದರೂ ಕಾಲು ಲೀಟರ್ ಟ್ಯಾಂಕಿನಲ್ಲಿ ಚೈನಿಗೆ ಸಿಗುವ ಶಕ್ತಿ ಇಂಥ ಎರಡು ಬ್ಯಾಟರಿಗೆ ಸಮ. ಮೇಲಾಗಿ ಟ್ಯಾಂಕ್ ತುಂಬಲು ಎರಡು ನಿಮಿಷ ಸಾಕು.

ಇನ್ನೊಂದು ಮಾತು. "ಒಂದು ಚಾರ್ಜಿಗೆ 150 ಕಟ್" ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಸಾಮಾನ್ಯವಾಗಿ ಅದು 10 ಸೆಂಟಿಮೀಟರ್ ಚೌಕದ ಮೆದು ಮರದ ಮೇಲೆ ಮಾಡಿದ ಲೆಕ್ಕ. ಆ ಒಂದು ಕಟ್ ಅಂದರೆ 100 ಚದರ ಸೆಂಟಿಮೀಟರ್. ನಮ್ಮ 30 ಸೆಂಟಿಮೀಟರ್ ದಪ್ಪದ ದಿಮ್ಮಿಯ ಒಂದು ಕಟ್ 700ಕ್ಕೂ ಜಾಸ್ತಿ. ಅಂದರೆ 150 ಕಟ್ ನಮ್ಮ ಕೈಗೆ ಬರುವ ಹೊತ್ತಿಗೆ ಇಪ್ಪತ್ತು. ಮರ ಗಟ್ಟಿಯಾಗಿದ್ದರೆ ಇನ್ನೂ ಕಡಿಮೆ. ದಪ್ಪ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು. ಇದನ್ನು ಹಾಳೆಯ ಮೇಲೆ ಹಾಕಿ ನೋಡಿದರೆ ನಿಮಗೆ ಎಷ್ಟು ಬ್ಯಾಟರಿ ಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಎರಡಕ್ಕಿಂತ ಜಾಸ್ತಿ ಬೇಕು ಅನಿಸಿದರೆ ಪೆಟ್ರೋಲ್ ಕಡೆ ತಿರುಗಿ.

ನಾಲ್ಕನೆಯದು: ಪೆಟ್ರೋಲ್ ತಗೊಂಡರೆ ಏನು ಪಾಲಿಸಬೇಕು

ನನ್ನ ಮಿಷನ್ ಆ ರಾತ್ರಿ ಯಾಕೆ ಸ್ಟಾರ್ಟ್ ಆಗಲಿಲ್ಲ ಅಂತ ಆಮೇಲೆ ಕಣ್ಣಾರೆ ನೋಡಿದೆ. ಕ್ಯಾನಿನಲ್ಲಿ ಉಳಿದಿದ್ದ ಮಿಕ್ಸ್ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಕಿಟಕಿಯಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ಒಂದು ಬೆರಳು ದಪ್ಪದ ಮಬ್ಬು ಪದರ ನಿಂತಿತು, ಮೇಲೆ ಬಣ್ಣದ ಪೆಟ್ರೋಲ್.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಇದು ಮೊದಲು ಬಿಡುಗಡೆ ಆದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ? ನೀರು ಮಿತಿ ದಾಟಿದಾಗ ಎಥನಾಲ್ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಇಂಜಿನ್ ಸವೆಯದಿರಲಿ ಅಂತ ನಾವು ಬೆರೆಸುವ ಟೂ-ಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಚೈನ್‌ಸಾ ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ. ಅದು ಮೊದಲು ಹೀರುವುದು ಆಯಿಲ್ ಇಲ್ಲದ ಆ ಪದರವನ್ನು. ಇಂಜಿನ್ ಸ್ಟಾರ್ಟ್ ಆಗದಿದ್ದರೆ ನಿಮ್ಮ ಪುಣ್ಯ. ಸ್ಟಾರ್ಟ್ ಆಗಿ ಓಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ರಿಪೇರಿ ಸಾವಿರಗಟ್ಟಲೆ.

ಹಾಗಾಗಿ ಒಂದೊಂದು ಲೀಟರ್ ಮಾತ್ರ ಮಿಕ್ಸ್ ಮಾಡಿ. ತಿಂಗಳಿಗಿಂತ ಹಳೆಯದನ್ನು ಬಳಸಬೇಡಿ. ಮ್ಯಾನುಯಲ್‌ನಲ್ಲಿ 50:1 ಅಂತ ಇದ್ದರೆ ಲೀಟರಿಗೆ 20 ಮಿ.ಲೀ. ಆಯಿಲ್, 25:1 ಇದ್ದರೆ 40 ಮಿ.ಲೀ. "ಒಂದು ಮುಚ್ಚಳ, ಎರಡು ಮುಚ್ಚಳ" ಅಂತ ಅಂದಾಜಿಗೆ ಸುರಿಯುವ ಅಭ್ಯಾಸ ಬಿಡಿ. ಜಾನುವಾರು ಔಷಧಿ ಅಂಗಡಿಯಲ್ಲಿ ಸಿಗುವ 20 ಮಿ.ಲೀ. ಸಿರಿಂಜ್ ತಂದಿಡಿ, ಅಳತೆ ಕರಾರುವಾಕ್ಕಾಗಿ ಸಿಗುತ್ತದೆ. ಕ್ಯಾನಿನ ಮೇಲೆ ಮಿಕ್ಸ್ ಮಾಡಿದ ತಾರೀಕು ಬರೆಯಿರಿ. ಪ್ರತಿ ಸಲ ಟ್ಯಾಂಕಿಗೆ ಹಾಕುವ ಮೊದಲು ಕ್ಯಾನನ್ನು ಕುಲುಕಿ.

ಎರಡು ವಾರಕ್ಕಿಂತ ಜಾಸ್ತಿ ದಿನ ಮಿಷನ್ ಇಡುವುದಿದ್ದರೆ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಕಾರ್ಬ್ಯುರೇಟರ್ ಒಳಗಿನ ರಬ್ಬರ್ ಪರದೆ ಉಳಿಯುವುದು ಇದರಿಂದಲೇ. ಏರ್ ಫಿಲ್ಟರ್ ತೊಳೆದು ಒಣಗಿಸಿಡಿ. ಬಿಸಿ ಇಂಜಿನ್‌ಗೆ ಪೆಟ್ರೋಲ್ ಹಾಕಬೇಡಿ. ಹುಲ್ಲಿನ ಬಣವೆ ಹತ್ತಿರವಂತೂ ಬೇಡವೇ ಬೇಡ.

ಇಷ್ಟು ಮಾಡುವ ವ್ಯವಧಾನ ನಿಮಗೆ ಇದೆಯಾ? ಇದ್ದರೆ ಪೆಟ್ರೋಲ್ ಮಿಷನ್ ಹತ್ತು ವರ್ಷ ನಿಮ್ಮ ಜೊತೆ ಇರುತ್ತದೆ. ಇಲ್ಲದಿದ್ದರೆ, ಕೆಲಸ ಎಷ್ಟೇ ಭಾರಿ ಇದ್ದರೂ ಕೊಳ್ಳುವ ಮೊದಲು ಇನ್ನೊಮ್ಮೆ ಯೋಚನೆ ಮಾಡಿ.

ಕರೆಂಟಿನ ಮಾತು

ಮಳೆಗಾಲದಲ್ಲಿ ಲೈನ್ ಹೋದರೆ ಬ್ಯಾಟರಿ ಚೈನ್‌ಸಾ ಏನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅಷ್ಟು ಚಿಂತೆ ಬೇಡ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಚೈನ್‌ಸಾದ ಒಂದು ಬ್ಯಾಟರಿ ತುಂಬಲು ಅದರ ಎಂಟನೇ ಒಂದು ಪಾಲು ಸಾಕು. ಚಾರ್ಜರ್ ಎಷ್ಟು ವ್ಯಾಟ್ ಎಳೆಯುತ್ತದೆ ಅಂತ ಅದರ ಮೇಲೇ ಬರೆದಿರುತ್ತದೆ, ನಿಮ್ಮ ಇನ್ವರ್ಟರ್ ತಡೆಯುತ್ತದಾ ನೋಡಿಕೊಳ್ಳಿ. ಇನ್ವರ್ಟರ್ ಇಲ್ಲ, ಕರೆಂಟ್ ವಾರಗಟ್ಟಲೆ ಬರುವುದಿಲ್ಲ ಎನ್ನುವ ಒಂಟಿ ಮನೆಯವರು ಪೆಟ್ರೋಲ್ ಮಿಷನ್ನೇ ಇಟ್ಟುಕೊಳ್ಳಿ.

ಬ್ಯಾಟರಿಯನ್ನು ಬಚ್ಚಲ ಒಲೆ ಹತ್ತಿರ, ಬಿಸಿಲು ಬೀಳುವ ಜೀಪಿನಲ್ಲಿ ಇಡಬೇಡಿ. ಕೊಯ್ದ ಕೂಡಲೇ ಬಿಸಿ ಇರುವಾಗ ಚಾರ್ಜಿಗೆ ಹಾಕಬೇಡಿ, ಆರಲಿ. ತಿಂಗಳುಗಟ್ಟಲೆ ಇಡುವಾಗ ಪೂರ್ತಿ ತುಂಬಿಸಿಯೂ ಇಡಬಾರದು, ಖಾಲಿ ಮಾಡಿಯೂ ಇಡಬಾರದು. ಅರ್ಧ ಚಾರ್ಜ್ ಒಳ್ಳೆಯದು. ಆದರೆ ಮೇ ತಿಂಗಳು ಬಂದ ಮೇಲೆ ತುಂಬಿಸಿಯೇ ಇಡಿ, ಗಾಳಿ ಮಳೆ ನಮ್ಮನ್ನು ಕೇಳಿ ಬರುವುದಿಲ್ಲವಲ್ಲ. ಜಡಿಮಳೆಯಲ್ಲಿ ಬ್ಯಾಟರಿ ಮಿಷನ್ ಹೊರಗೆ ತೆಗೆಯಬೇಡಿ. ಬಳಸಿದ ಮೇಲೆ ಬ್ಯಾಟರಿ ಕಳಚಿ, ತಾಮ್ರದ ಕಡ್ಡಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ.

ಐದನೆಯದು: ಯಾರ ಕೈಗೆ?

ಮನೆಯಲ್ಲಿ ಅಪ್ಪನೂ ಹಿಡಿಯುತ್ತಾರಾ, ಹೆಂಗಸರೂ ಬಳಸುತ್ತಾರಾ, ಆಳುಗಳ ಕೈಗೆ ಹೋಗುತ್ತದಾ ಅಂತ ಯೋಚಿಸಿ. 30 ಸಿಸಿಯ ಪೆಟ್ರೋಲ್ ಮಿಷನ್ ಬಾರ್, ಚೈನ್, ಎಣ್ಣೆ ಎಲ್ಲ ಸೇರಿ ಐದು ಕಿಲೋ ದಾಟುತ್ತದೆ. ಅದೇ ದಮ್ಮಿನ ಬ್ಯಾಟರಿಯದ್ದು, ಬ್ಯಾಟರಿ ಸೇರಿದರೆ, ತೀರಾ ಹಗುರ ಏನಲ್ಲ. ವ್ಯತ್ಯಾಸ ಇರುವುದು ನಡುಕದಲ್ಲಿ, ಸದ್ದಿನಲ್ಲಿ, ದಾರ ಎಳೆಯುವುದರಲ್ಲಿ. ಪೆಟ್ರೋಲ್ ಚೈನ್‌ಸಾ ಸದ್ದು 100 ಡೆಸಿಬೆಲ್ ಮೀರುತ್ತದೆ. ವರ್ಷಗಟ್ಟಲೆ ಅದನ್ನೇ ಹಿಡಿದು ದುಡಿದವರಿಗೆ ಕಿವಿ ಮಂದವಾಗುತ್ತದೆ, ಬೆರಳು ಜೋಮು ಹಿಡಿದು ಬೆಳ್ಳಗಾಗುತ್ತದೆ. ನಮ್ಮೂರಲ್ಲಿ ಮಿಷನ್ ಕೆಲಸ ಮಾಡಿ ಮುಪ್ಪಾದ ಒಬ್ಬರು ಈಗ ಚಳಿ ಬಂದರೆ ಕಾಫಿ ಲೋಟ ಹಿಡಿಯಲು ಒದ್ದಾಡುತ್ತಾರೆ. ಇದನ್ನು ನೋಡಿದ ಮೇಲೆ ನಾನು ಕಿವಿಗೆ ಮಫ್ ಹಾಕದೆ ಮಿಷನ್ ಮುಟ್ಟುವುದಿಲ್ಲ. ಬ್ಯಾಟರಿ ಮಿಷನ್‌ಗೂ ಮಫ್ ಬೇಕು, ಅದು ಮೌನಿ ಏನಲ್ಲ.

ಸದ್ದು ಕಡಿಮೆ ಇರುವುದರಲ್ಲಿ ಒಂದು ಅಪಾಯವೂ ಇದೆ. ಪೆಟ್ರೋಲ್ ಮಿಷನ್ ಚಾಲೂ ಇದ್ದರೆ ಊರಿಗೇ ಗೊತ್ತು. ಬ್ಯಾಟರಿಯದ್ದು ಸುಮ್ಮನೆ ಮಲಗಿದ್ದರೂ ಬೆರಳು ಒತ್ತಿದ ಕ್ಷಣ ಚೈನ್ ಓಡುತ್ತದೆ. ಮಕ್ಕಳಿರುವ ಮನೆಯಲ್ಲಿ ಮಿಷನ್ ಒಂದು ಕಡೆ, ಬ್ಯಾಟರಿ ಬೀರುವಿನೊಳಗೆ ಬೀಗ ಹಾಕಿ ಇನ್ನೊಂದು ಕಡೆ ಇಡಿ. ಚೈನ್ ಬಿಗಿ ಮಾಡುವಾಗ, ನಾರು ತೆಗೆಯುವಾಗ, ಹಲ್ಲು ಮಸೆಯುವಾಗ ಮೊದಲು ಬ್ಯಾಟರಿ ಕಳಚಿ, ಆಮೇಲೆ ಕೈ ಹಾಕಿ.

ಅಂಗೈ ಉದ್ದದ ಮಿನಿ ಚೈನ್‌ಸಾಗಳು ಈಗ ಎಲ್ಲ ಕಡೆ ಬಂದಿವೆ. 4, 6, 8 ಇಂಚಿನ ಬಾರ್, ಎರಡು ಮೂರು ಸಾವಿರಕ್ಕೂ ಸಿಗುತ್ತವೆ. ಕಾಫಿ ಗಿಡದ ಒಣ ರೆಕ್ಕೆ, ಕೋಕೋ, ನಿಂಬೆ, ಮನೆ ಹಿತ್ತಲಿನ ಸೀಬೆ, ಇವಕ್ಕೆಲ್ಲ ನಿಜಕ್ಕೂ ಒಳ್ಳೆಯ ಸಾಧನ. ಆದರೆ ಒಂದು ಕೈಯಲ್ಲಿ ಕೊಂಬೆ, ಇನ್ನೊಂದರಲ್ಲಿ ಮಿಷನ್ ಹಿಡಿದು ಕೊಯ್ಯುವುದನ್ನು ದಿನಾ ನೋಡುತ್ತೇನೆ. ಕೊಂಬೆ ತುಂಡಾದ ತಕ್ಷಣ ಮಿಷನ್ ಮುಂದಕ್ಕೆ ಹಾರುತ್ತದೆ, ಎಡಗೈ ಇರುವುದು ಅಲ್ಲೇ. ದಯವಿಟ್ಟು ಎರಡು ಕೈ ಬಳಸಿ. ಇಂಥ ಬಹಳಷ್ಟು ಮಿನಿಗಳಲ್ಲಿ ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇರುವುದಿಲ್ಲ.

ಚೈನಿನ ಹಲ್ಲು

ಇದು ಎರಡೂ ಮಿಷನ್‌ಗೆ ಸೇರಿದ್ದು. ನನ್ನ ಕೇಳಿದರೆ ಪೆಟ್ರೋಲಾ ಬ್ಯಾಟರಿಯಾ ಎನ್ನುವುದಕ್ಕಿಂತ ದೊಡ್ಡ ವಿಷಯ ಇದು.

ಈಗಿನ ಚೈನಿನ ಹಲ್ಲು ಹುಟ್ಟಿದ್ದು ಒಂದು ಹುಳುವಿನಿಂದ. 1946ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಜೋ ಕಾಕ್ಸ್ ಎಂಬ ಮರ ಕೊಯ್ಯುವ ಕೆಲಸಗಾರರು ಮರದ ಬುಡವೊಂದನ್ನು ಕೊರೆಯುತ್ತಿದ್ದ ದುಂಬಿ ಮರಿಯನ್ನು ಗಮನಿಸಿದರು. ಅದು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮರವನ್ನು ಕೆರೆದು ತಿನ್ನುತ್ತಿತ್ತು. ಅದೇ ಆಕಾರದಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಇರುವ ಚೈನ್ ಮಾಡಿ 1947ರಲ್ಲಿ ಮಾರಾಟಕ್ಕೆ ಇಳಿದರು. ಕಾಫಿ ಗಿಡ ಸೀಳಿ ಕಾಂಡಕೊರಕ ಹುಳ ತೆಗೆದು ನೋಡಿದವರಿಗೆ ಆ ದವಡೆಯ ಶಕ್ತಿ ಹೇಳಬೇಕಾಗಿಲ್ಲ. (ಹಾಗೆಯೇ, ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮಾಡಿದ ಮೊದಲ ಚೈನ್‌ಸಾ ಕರೆಂಟಿನದ್ದು. ಅವರ ಪೆಟ್ರೋಲ್ ಮಿಷನ್ ಬಂದದ್ದು 1929ರಲ್ಲಿ. ಎರಡೂ ನಲವತ್ತೈದು ಕಿಲೋ ಮೀರಿದ್ದವು, ಹಿಡಿಯಲು ಇಬ್ಬರು ಬೇಕಿತ್ತು.)

ಹಲ್ಲು ಹರಿತ ಇದೆಯಾ ಅಂತ ನೋಡಲು ಮಿಷನ್ ನೋಡಬೇಡಿ, ನೆಲ ನೋಡಿ. ಕೆಳಗೆ ಅವಲಕ್ಕಿಯಂಥ ಚಕ್ಕೆ ಬೀಳುತ್ತಿದ್ದರೆ ಹರಿತ. ರಾಗಿ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಮೊಂಡು. ಚೈನನ್ನು ಬಿಸಿಲಿಗೆ ಹಿಡಿದು ಹಲ್ಲಿನ ತುದಿ ನೋಡಿ. ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಗೆರೆ ಕಂಡರೆ ಅಷ್ಟು ಭಾಗ ಸವೆದಿದೆ ಅಂತ ಅರ್ಥ. ಆ ಗೆರೆ ಮಾಯವಾಗುವವರೆಗೆ ಮಸೆಯಬೇಕು.

ಮಸೆಯಲು ದುಂಡನೆಯ ಅರ ಬೇಕು, ಅಂಗಡಿಯಲ್ಲಿ ರೌಂಡ್ ಫೈಲ್ ಅಂತ ಕೇಳಿ. ಅರದ ದಪ್ಪ ಚೈನಿನ ಕೊಂಡಿಯ ಅಳತೆ ನೋಡಿ ಆರಿಸಬೇಕು: ಚೈನ್ 3/8 ಲೋ ಪ್ರೊಫೈಲ್ ಆದರೆ 4 ಮಿ.ಮೀ., .325 ಆದರೆ 4.8 ಮಿ.ಮೀ. ಹಲ್ಲಿನ ಮೇಲೆ ಗೆರೆ ಹಾಕಿಕೊಟ್ಟಿರುತ್ತಾರೆ, ಹೆಚ್ಚಿನವಕ್ಕೆ 30 ಡಿಗ್ರಿ. ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ ತಳ್ಳಿ, ವಾಪಸ್ ಬರುವಾಗ ಅರ ಎತ್ತಿ. ಎಲ್ಲ ಹಲ್ಲಿಗೂ ಒಂದೇ ಲೆಕ್ಕ, ಮೂರು ತಳ್ಳಿದರೆ ಮೂರು. ಎಡದ ಹಲ್ಲು ಗಿಡ್ಡ, ಬಲದ್ದು ಉದ್ದ ಆದರೆ ಮಿಷನ್ ಮರದೊಳಗೆ ಬಾಗಿ ಬಾಗಿ ಹೋಗುತ್ತದೆ. ಪೆಟ್ರೋಲ್ ಮಿಷನ್‌ನಲ್ಲಿ ಮೊಂಡು ಹಲ್ಲಿದ್ದರೆ ಒತ್ತಿ ಒತ್ತಿ ಕೊಯ್ದು ಸುಧಾರಿಸುತ್ತೇವೆ. ಬ್ಯಾಟರಿಯಲ್ಲಿ ಅದು ನಡೆಯುವುದಿಲ್ಲ. ಮೊಂಡು ಚೈನ್ ಚಾರ್ಜ್ ನುಂಗುತ್ತದೆ, ಮೋಟಾರು ಬಿಸಿಯಾಗಿ ತಾನೇ ಕಟ್ ಆಗುತ್ತದೆ. "ಬ್ಯಾಟರಿ ಬರೋದೇ ಇಲ್ಲ" ಅಂತ ದೂರು ಹೇಳಿದವರ ಚೈನ್ ನೋಡಿದ್ದೇನೆ, ಮೂರರಲ್ಲಿ ಎರಡು ಸಲ ತಪ್ಪು ಬ್ಯಾಟರಿಯದ್ದಲ್ಲ.

ಚೈನಿಗೆ ಎಣ್ಣೆ ಎರಡಕ್ಕೂ ಬೇಕು. ಬ್ಯಾಟರಿಯದ್ದಕ್ಕೆ ಬೇಡ ಅಂದುಕೊಂಡು ಬಾರ್ ಸುಟ್ಟುಕೊಂಡವರಿದ್ದಾರೆ. ಗ್ಯಾರೇಜಿನ ಸುಟ್ಟ ಆಯಿಲ್ ಹಾಕುವುದು ನಮ್ಮಲ್ಲಿ ರೂಢಿ, ದುಡ್ಡು ಉಳಿಯುತ್ತದೆ ಅಂತ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪ್ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಚೈನಿನ ಎಣ್ಣೆ ಕೊನೆಗೆ ಬೀಳುವುದು ನಮ್ಮದೇ ನೆಲಕ್ಕೆ, ನಾವು ಕುಡಿಯುವ ಅಬ್ಬಿ ನೀರಿನ ಮೇಲ್ಭಾಗಕ್ಕೆ. ಚೈನ್ ಆಯಿಲ್ಲೇ ತನ್ನಿ.

ದುಡ್ಡಿನ ಲೆಕ್ಕ

ಹೆಸರಿರುವ ಕಂಪನಿಯ 30, 35 ಸಿಸಿ ಪೆಟ್ರೋಲ್ ಮಿಷನ್ ಇಪ್ಪತ್ತು ಸಾವಿರದ ಆಸುಪಾಸು. ಅದೇ ದರ್ಜೆಯ 36 ವೋಲ್ಟ್ ಬ್ಯಾಟರಿ ಮಿಷನ್ ಎರಡು ಬ್ಯಾಟರಿ, ಚಾರ್ಜರ್ ಸೇರಿ ಅದನ್ನು ಮೀರುತ್ತದೆ. ಚಾರ್ಜಿಗೆ ಖರ್ಚು ಎರಡು ರೂಪಾಯಿ ದಾಟದು. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ, ಅದರ ಮೇಲೆ ಟೂ-ಟಿ ಆಯಿಲ್. ಆದರೆ ವರ್ಷಕ್ಕೆ ಹತ್ತು ಲೀಟರ್ ಸುಡುವವರು ಇಂಧನದ ಉಳಿತಾಯ ನೋಡಿ ಬ್ಯಾಟರಿ ಕೊಂಡರೆ ಲೆಕ್ಕ ಕೂಡಿಬರಲು ಬಹಳ ವರ್ಷ ಬೇಕು. ಅಷ್ಟರಲ್ಲಿ ಹೊಸ ಬ್ಯಾಟರಿ ಕೊಳ್ಳುವ ಕಾಲ ಬರುತ್ತದೆ. ಬ್ಯಾಟರಿ ಕೊಳ್ಳುವುದಾದರೆ ಉಳಿತಾಯಕ್ಕಲ್ಲ, ಬೇಕೆಂದಾಗ ಒತ್ತಿದರೆ ಓಡುತ್ತದೆ ಎಂಬುದಕ್ಕೆ ಕೊಳ್ಳಿ. ಮನೆಯಲ್ಲಿ ಆಗಲೇ ಒಂದು ಕಂಪನಿಯ ಬ್ಯಾಟರಿ ಕಳೆ ಕಟರ್, ಡ್ರಿಲ್ ಇದ್ದರೆ ಅದೇ ಬ್ಯಾಟರಿ ಕೂರುವ ಚೈನ್‌ಸಾ ನೋಡಿ, ಅರ್ಧ ದುಡ್ಡು ಉಳಿಯಿತು. ಸಹಾಯಧನದ ಪಟ್ಟಿಯಲ್ಲಿ ಯಾವ ಮಾಡೆಲ್ ಇದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ, ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಬಿಲ್ ಮಾಡಿಸುವ ಮೊದಲೇ ಹೋಗಿ.

ಹಾಗಾದರೆ ಯಾರಿಗೆ ಯಾವುದು?

ಎರಡು ಮೂರು ಎಕರೆ ತೋಟ, ಬಚ್ಚಲಿಗೆ ಸೌದೆ, ಒಂದಡಿ ಒಳಗಿನ ಮರ: 36 ವೋಲ್ಟಿನ ಬ್ಯಾಟರಿ ಮಿಷನ್, 12 ಅಥವಾ 14 ಇಂಚಿನ ಬಾರ್, 5 ಎಎಚ್‌ನ ಎರಡು ಬ್ಯಾಟರಿ. ದೊಡ್ಡದಕ್ಕೆ ಬಾಡಿಗೆ ಮಿಷನ್.

ಹತ್ತು ಎಕರೆ ಕಾಫಿ, ಮರಗಸಿ ಮುಗಿದ ಮೇಲೆ ಲೋಡುಗಟ್ಟಲೆ ಕಟ್ಟಿಗೆ ತುಂಡು ಮಾಡಬೇಕು ಎನ್ನುವವರಿಗೆ 35ರಿಂದ 50 ಸಿಸಿಯ ಪೆಟ್ರೋಲ್. ಬೇರೆ ಮಾತೇ ಇಲ್ಲ. ಬಾಡಿಗೆಗೆ ದುಡಿಯುವವರಿಗೂ ಅದೇ.

ಶಿವಮೊಗ್ಗ, ಮೈಸೂರಿನಂಥ ಊರಲ್ಲಿ ಮನೆ, ಹಿತ್ತಲಲ್ಲಿ ನಾಲ್ಕು ಗಿಡ ಇದ್ದರೆ ಮಿನಿ ಸಾಕು. ಹೋಂಸ್ಟೇ ನಡೆಸುವವರು, ಶಾಲೆ ಆಸ್ಪತ್ರೆ ಪಕ್ಕದಲ್ಲಿರುವವರು ಬ್ಯಾಟರಿಯದ್ದೇ ತಗೊಳ್ಳಿ, ನೆರೆಯವರು ನೆನೆಯುತ್ತಾರೆ.

ನಾನೇನು ಮಾಡಿದೆ ಅಂದರೆ, ಹಳೆಯ ಪೆಟ್ರೋಲ್ ಮಿಷನ್ ಇಟ್ಟುಕೊಂಡೆ. ಮೇಷ್ಟ್ರ ಮನೆಯಲ್ಲಿ ಬ್ಯಾಟರಿಯದ್ದು ಇದೆ. ಅವರ ದೊಡ್ಡ ಕೆಲಸಕ್ಕೆ ನನ್ನದು ಹೋಗುತ್ತದೆ, ನನ್ನ ಸಣ್ಣ ಕೆಲಸಕ್ಕೆ ಅವರದ್ದು ಬರುತ್ತದೆ. ಅಕ್ಕಪಕ್ಕದ ಎರಡು ಮನೆಯವರು ಮಾತಾಡಿಕೊಂಡು ಒಂದೊಂದು ಕೊಂಡರೆ ಎಷ್ಟು ಅನುಕೂಲ, ಅಲ್ವಾ?

ಅಂಗಡಿಯಲ್ಲಿ, ಮೊದಲ ದಿನ

ಡಬ್ಬಿ ಕಟ್ಟಿಸಿಕೊಂಡು ಬರಬೇಡಿ. ಅಲ್ಲೇ ಸ್ಟಾರ್ಟ್ ಮಾಡಿಸಿ. ಪೆಟ್ರೋಲಿನದ್ದನ್ನು ನೀವೇ ದಾರ ಎಳೆದು ನೋಡಿ. ಮುಂದಿನ ಹಿಡಿಯ ಎದುರಿನ ಗಾರ್ಡ್ ತಳ್ಳಿದಾಗ ಚೈನ್ ತಟ್ಟನೆ ನಿಲ್ಲಬೇಕು, ಅದೇ ಚೈನ್ ಬ್ರೇಕ್. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಖದತ್ತ ಎಗರುತ್ತದೆ. ಆಗ ಕಾಪಾಡುವುದು ಆ ಬ್ರೇಕ್ ಒಂದೇ. ಬ್ಯಾಟರಿಗೆ ಗ್ಯಾರಂಟಿ ಬೇರೆ, ಮಿಷನ್‌ಗೆ ಬೇರೆ ಇರುತ್ತದೆ, ಎರಡನ್ನೂ ಬರೆಸಿಕೊಳ್ಳಿ. ಸರ್ವಿಸ್ ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತದಾ ಕೇಳಿ. ಜೊತೆಗೆ ಒಂದು ಚೈನ್, ಒಂದು ಅರ, ಹೆಲ್ಮೆಟ್, ಕನ್ನಡಕ, ಕಿವಿ ಮಫ್, ಗಟ್ಟಿ ಬೂಟು. ಲುಂಗಿ ಉಟ್ಟು ಚೈನ್‌ಸಾ ಹಿಡಿಯುವುದು ಇವತ್ತಿಗೇ ನಿಲ್ಲಲಿ. ಏಣಿ ಹತ್ತಿ, ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವುದೂ ಬೇಡ. ಕರೆಂಟ್ ತಂತಿ ಹತ್ತಿರದ ಕೊಂಬೆ ಇದ್ದರೆ ಲೈನ್‌ಮ್ಯಾನ್‌ಗೆ ಹೇಳಿ, ಲೈನ್ ತೆಗೆಸಿದ ಮೇಲೇ ಕೈ ಹಾಕಿ. ಇಡೀ ಮರ ಕಡಿಯುವುದಿದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ, ಉಳಿದವಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು.

ಹೊಸ ಚೈನ್ ಮೊದಲ ಕಾಲು ಗಂಟೆಯಲ್ಲೇ ಜಗ್ಗುತ್ತದೆ. ಆರಲು ಬಿಟ್ಟು ಬಿಗಿ ಮಾಡಿ. ಕೈಯಿಂದ ಎಳೆದರೆ ಬಾರಿನ ಸುತ್ತ ಸಲೀಸಾಗಿ ಓಡಬೇಕು, ಕೆಳಗೆ ಜೋತು ಬೀಳಬಾರದು. ಬಿಸಿ ಇರುವಾಗಲೇ ಬಿಗಿ ಮಾಡಿದ್ದರೆ ಸಂಜೆ ಕೆಲಸ ಮುಗಿದ ಮೇಲೆ ಮರೆಯದೆ ಸಡಿಲಿಸಿ ಇಡಿ. ತಣ್ಣಗಾದಾಗ ಚೈನ್ ಕುಗ್ಗಿ ಬೇರಿಂಗಿಗೆ ಪೆಟ್ಟು ಕೊಡುತ್ತದೆ.